ನಮಗೆ ಕಡ್ಡಾಯ ಪರೀಕ್ಷೆ, ಅವರಿಗೆ ಗ್ರೂಪ್ ಫೋಟೋ

ಪ್ರತಿ ವರ್ಷ ಜನವರಿ ಬಂತು ಅಂದ್ರೆ ನಮ್ಮ ಆಫೀಸಿನಲ್ಲಿ ಒಂದು ಮೇಲ್ ಬರುತ್ತೆ. ನಿಮ್ಮ ಆಫೀಸಲ್ಲೂ ಬರುತ್ತೆ, ನಂಗೊತ್ತು. ಡೇಟಾ ಸೆಕ್ಯುರಿಟಿ, ಲಂಚ ತಗೋಬಾರದು, ಬೆಂಕಿ ಬಿದ್ರೆ ಯಾವ ಮೆಟ್ಟಿಲಲ್ಲಿ ಇಳೀಬೇಕು, ಸಹೋದ್ಯೋಗಿ ಹೆಣ್ಣುಮಕ್ಕಳ ಜೊತೆ ಹೇಗೆ ನಡ್ಕೋಬೇಕು, ಹೀಗೆ ನಾಲ್ಕೈದು ಕೋರ್ಸು. ಪ್ರತಿಯೊಂದರ ಕೊನೆಯಲ್ಲೂ ಪರೀಕ್ಷೆ. ನೂರಕ್ಕೆ ಎಂಬತ್ತು ಬರದಿದ್ರೆ ಮತ್ತೆ ಬರೀಬೇಕು. ಕೊನೆ ದಿನ ದಾಟಿದ್ರೆ ಲಾಗಿನ್ ಬಂದ್. ನಾವೆಲ್ಲ ಬೈಕೊಂಡು, ಕಾಫಿ ಕುಡೀತಾ, ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತಿ ಮುಗಿಸ್ತೀವಿ.

ನಾನು ಬರೆಯೋ ಕೋಡಲ್ಲಿ ತಪ್ಪಾದ್ರೆ ಏನಾಗುತ್ತೆ? ಅಮೆರಿಕದಲ್ಲಿ ಯಾರಿಗೋ ಎರಡು ಸಲ ಬಿಲ್ ಹೋಗುತ್ತೆ. ಮಾರನೇ ದಿನ ಸರಿ ಮಾಡ್ತೀವಿ. ಅಷ್ಟಕ್ಕೆ ವರ್ಷಕ್ಕೆ ಐದು ಪರೀಕ್ಷೆ. ಆದರೆ ಒಂದು ಮಗುವಿನ ಜೀವನದ ಅತಿ ಕೆಟ್ಟ ದಿನ, ಅದರ ಮುಂದೆ ಕೂತು "ಏನಾಯ್ತು ಹೇಳು" ಅಂತ ಕೇಳೋ ಮನುಷ್ಯನಿಗೆ, ಹಾಗೆ ಕೇಳೋದು ಹೇಗೆ ಅಂತ ಯಾರು ಕಲಿಸಿದಾರೆ? ಕಲಿತಿಲ್ಲ ಅಂದ್ರೆ ಅವರ ಲಾಗಿನ್ ಯಾರು ಬಂದ್ ಮಾಡ್ತಾರೆ?

ಈ ಪ್ರಶ್ನೆ ನನಗೆ ಪುಸ್ತಕ ಓದಿ ಹುಟ್ಟಿದ್ದಲ್ಲ. ಅಕ್ಕಿಪೇಟೆಯ ಒಂದು ಮೆಟ್ಟಿಲ ಕೆಳಗೆ ಹುಟ್ಟಿದ್ದು.

ನಾನು ಸಿರಾ ತಾಲ್ಲೂಕಿನ ಹಳ್ಳಿಯವನು. ಪಿಯುಸಿಗೆ ಬೆಂಗಳೂರಿಗೆ ಬಂದಾಗ ಉಳ್ಕೊಂಡಿದ್ದು ಅಕ್ಕಿಪೇಟೆಯಲ್ಲಿ, ಸೋದರಮಾವನ ಅಂಗಡಿಯ ಮೇಲಿನ ರೂಮಲ್ಲಿ. ಹೆಸರಿಗೆ ಅಕ್ಕಿಪೇಟೆ. ನಮ್ಮ ಮಾವನ ಬೀದಿಯಲ್ಲಿ ನಾನಂತೂ ಅಕ್ಕಿ ಮೂಟೆ ನೋಡಿದ್ದು ಕಡಿಮೆ. ಪ್ಲಾಸ್ಟಿಕ್ ಚೀಲ, ವೈರು, ಪೈಪು, ರಟ್ಟಿನ ಡಬ್ಬ, ತಳ್ಳುಗಾಡಿ, ಹಮಾಲರ ಕೂಗು. ಬಿಇ ಮುಗಿಯೋ ತನಕ ಅಲ್ಲೇ ಇದ್ದೆ. ಕೆಲಸ ಸಿಕ್ಕಿ ಔಟರ್ ರಿಂಗ್ ರೋಡ್ ಕಡೆ ಹೋದ ಮೇಲೂ ಶನಿವಾರ ಬಂದ್ರೆ ಮಾವನ ಲೆಕ್ಕ ನೋಡೋಕೆ ಹೋಗ್ತಿದ್ದೆ.

ಕೊರೋನಾಗೆ ಮುಂಚೆ ಅಂಥ ಒಂದು ಶನಿವಾರ ಎದುರು ಕಟ್ಟಡದ ಎರಡನೇ ಮಹಡಿಯ ಬ್ಯಾಗ್ ಹೊಲಿಯೋ ಕಾರ್ಖಾನೆ ಮೇಲೆ ದಾಳಿ ಆಯ್ತು. ಬಿಹಾರದ ಹುಡುಗರು ಅಲ್ಲಿ ಕೆಲಸ ಮಾಡೋದು ಬೀದಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ಯಾರೂ 1098ಕ್ಕೆ ಫೋನ್ ಮಾಡಿರಲಿಲ್ಲ. ಅದು ನಮ್ಮ ಪಾಪ, ಅದನ್ನ ಬೇರೆಯವರ ತಲೆಗೆ ಕಟ್ಟಲ್ಲ. ಜೀಪು ಬಂತು, ಏಳೆಂಟು ಜನ ಇಳಿದ್ರು, ಒಬ್ಬನ ಕೈಯಲ್ಲಿ ಕ್ಯಾಮೆರಾ. ಯಾವ ಇಲಾಖೆ, ಯಾವ ಠಾಣೆ ಅಂತ ಹೇಳಲ್ಲ. ಹೇಳಿದ್ರೆ ಆ ಒಂದು ಠಾಣೆ ಮಾತ್ರ ಕೆಟ್ಟದ್ದು ಅಂತ ನೀವು ಸಮಾಧಾನ ಮಾಡ್ಕೋತೀರಿ.

ಹುಡುಗರು ಚೆಲ್ಲಾಪಿಲ್ಲಿ ಓಡಿದ್ರು. ಒಬ್ಬ, ಹತ್ತು ಹನ್ನೊಂದು ವರ್ಷ ಇರಬಹುದು, ನಮ್ಮ ಅಂಗಡಿ ಪಕ್ಕದ ಮೆಟ್ಟಿಲ ಕೆಳಗೆ ಗೋಣಿಚೀಲಗಳ ಹಿಂದೆ ಸೇರ್ಕೊಂಡ. ಒಬ್ಬ ಅಧಿಕಾರಿ ಬಗ್ಗಿ ಟಾರ್ಚ್ ಬಿಟ್ಟು ಗದರಿದ: "ಏಯ್, ನಿನ್ನ ಬಿಡಿಸೋಕೆ ಬಂದಿರೋದು ಕಣೋ ನಾವು! ಯಾಕೆ ಅಳ್ತೀಯಾ? ಬಾ ಈಚೆಗೆ!"

ಈ ಮಾತನ್ನ ಇನ್ನೊಂದು ಸಲ ಓದಿ. ಹೇಳಿದವನು ಕೆಟ್ಟವನಲ್ಲ. ನಿಜವಾಗ್ಲೂ ಬಿಡಿಸೋಕೇ ಬಂದಿದ್ದ. ಬೆಳಗ್ಗೆಯಿಂದ ತಿಂಡಿ ತಿಂದಿದ್ನೋ ಇಲ್ವೋ. ಆದರೆ ಆ ಹುಡುಗನಿಗೆ ಕಂಡಿದ್ದು ಏನು? ಬೂಟು, ಬೆಳಕು, ಅರ್ಥ ಆಗದ ಭಾಷೆ, ದೊಡ್ಡ ದನಿ. ಅವನ ಮಟ್ಟಿಗೆ ಕಾರ್ಖಾನೆಯ ಮಾಲೀಕನಿಗೂ ಬಿಡಿಸೋಕೆ ಬಂದವನಿಗೂ ವ್ಯತ್ಯಾಸ ಇರಲಿಲ್ಲ.

ಕೊನೆಗೆ ಅವನನ್ನ ಈಚೆ ಕರ್ಕೊಂಡು ಬಂದಿದ್ದು ಒಬ್ಬ ವಯಸ್ಸಾದ ಹಮಾಲಿ. ಟಾರ್ಚ್ ಆರಿಸಿ ಸಾರ್ ಅಂದ. ಮೆಟ್ಟಿಲ ಹತ್ರ ಕುಕ್ಕರಗಾಲಲ್ಲಿ ಕೂತ. ಒಂದು ಟೀ, ಒಂದು ಬನ್ನು ತರಿಸಿ ನೆಲದ ಮೇಲಿಟ್ಟು ಸುಮ್ಮನೆ ಬೇರೆ ಕಡೆ ನೋಡ್ತಾ ಕೂತ. ಹತ್ತು ನಿಮಿಷ. ಹುಡುಗ ಮೊದಲು ಕೈ ಚಾಚಿದ, ಆಮೇಲೆ ಪೂರ್ತಿ ಈಚೆ ಬಂದ.

ಇದನ್ನ ಹೇಳಿದಾಗೆಲ್ಲ ಸ್ನೇಹಿತರು ಅಂತಾರೆ: "ನೋಡಿದ್ಯಾ, ಮನುಷ್ಯತ್ವ ಇದ್ರೆ ಸಾಕು. ಟ್ರೈನಿಂಗ್ ಗೀನಿಂಗ್ ಎಲ್ಲ ಯಾಕೆ?" ಕತೆ ಅಲ್ಲಿಗೇ ಮುಗಿದಿದ್ರೆ ನಾನೂ ಹಾಗೇ ಅಂತಿದ್ದೆ. ಮುಗೀಲಿಲ್ಲ.

ಹಮಾಲಿ ಹುಡುಗನ ತಲೆ ಸವರಿ ಉರ್ದುವಿನಲ್ಲಿ ಹೇಳಿದ: ಅಳಬೇಡ ಮಗಾ, ಇವತ್ತು ರಾತ್ರಿನೇ ನಿಮ್ಮಮ್ಮನ ಹತ್ರ ಕಳಿಸ್ತಾರೆ. ಸುಳ್ಳು. ಕಾನೂನಿನ ಪ್ರಕಾರ ಮಗುವನ್ನ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು, ಅಲ್ಲಿಂದ ಬಾಲಮಂದಿರ, ಮನೆ ಪತ್ತೆ, ವಿಚಾರಣೆ, ವಾರಗಳೇ ಹಿಡಿಯುತ್ತೆ. ಹಮಾಲಿಯ ಕರುಣೆ ನಿಜ, ಅವನು ಕೊಟ್ಟ ಮಾತು ಸುಳ್ಳು. ಆ ರಾತ್ರಿ ಅಮ್ಮನ ಬದಲು ಅಪರಿಚಿತ ಕೋಣೆಯಲ್ಲಿ ಮಲಗಿದಾಗ ಹುಡುಗ ಕಲಿತ ಪಾಠ ಏನು? ಪ್ರೀತಿಯಿಂದ ಮಾತಾಡೋರೂ ಸುಳ್ಳು ಹೇಳ್ತಾರೆ.

ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ಅಧಿಕಾರಿಗೆ ಹಿಂದಿ ಬರ್ತಿರಲಿಲ್ಲ, "ನೀವು ಸ್ವಲ್ಪ ಕೇಳಿ ಸಾರ್" ಅಂದ್ರು. ನನ್ನ ಹಿಂದಿ ಆಫೀಸ್ ಕ್ಯಾಂಟೀನಿನ ಹಿಂದಿ. ಕೇಳಿದೆ: "ಮಾಲೀಕ ಹೊಡೀತಿದ್ನಾ?" ಹುಡುಗ ತಲೆ ಆಡಿಸಿದ. "ಬೆಲ್ಟಲ್ಲಿ ಹೊಡೀತಿದ್ನಾ?" ಅದಕ್ಕೂ ತಲೆ ಆಡಿಸಿದ. "ಊಟ ಕೊಡ್ತಿರಲಿಲ್ವಾ?" ಅದಕ್ಕೂ. ಎಲ್ಲ ಬರ್ಕೊಂಡ್ರು. ನನಗೆ ಒಳಗೊಳಗೇ ಹೆಮ್ಮೆ.

ಕೆಲವು ತಿಂಗಳಾದ ಮೇಲೆ ಅದೇ ಮಾಲೀಕ ಇನ್ನೊಂದು ಗಲ್ಲಿಯಲ್ಲಿ ಶಟರ್ ಎತ್ತಿದ. ಮಾವನ ಅಂಗಡಿಗೆ ಚೀಲ ಕೊಳ್ಳೋಕೆ ಬಂದವನು ನಗ್ತಾ ಹೇಳಿದ್ನಂತೆ: "ಏನೂ ಆಗಲ್ಲ ಬಿಡಿ ಸೆಟ್ರೆ, ಹುಡುಗ ಒಂದೊಂದು ಸಲ ಒಂದೊಂದು ಹೇಳ್ತಾನೆ. ಬೆಲ್ಟ್ ಅಂದ, ಆಮೇಲೆ ಬೆಲ್ಟೇ ಇಲ್ಲ ಅಂದ."

ಬೆಲ್ಟ್ ಅಂತ ಹೇಳಿದ್ದು ಹುಡುಗ ಅಲ್ಲ. ನಾನು. ಹೆದರಿದ ಮಗು ಎದುರಿಗಿರೋ ದೊಡ್ಡವರಿಗೆ ಏನು ಬೇಕೋ ಅದಕ್ಕೆ ತಲೆ ಆಡಿಸುತ್ತೆ ಅನ್ನೋ ಅಕ್ಷರಜ್ಞಾನ ನನಗಿರಲಿಲ್ಲ. ಉತ್ತರವನ್ನ ಪ್ರಶ್ನೆಯೊಳಗೇ ಇಟ್ಟು ಕೇಳಬಾರದು ಅನ್ನೋದು ಗೊತ್ತಿರಲಿಲ್ಲ. ಅವನು ನಿಜವಾಗಿ ಏನು ಅನುಭವಿಸಿದ್ದನೋ ಅದು ನನ್ನ ಬೆಲ್ಟಿನ ಕೆಳಗೆ ಮುಚ್ಚಿಹೋಯ್ತು.

ಆ ಮಾಲೀಕನ ಮಾತು ಮಾವ ಹೇಳಿದಾಗ ನನ್ನ ಕಿವಿ ಬಿಸಿ ಆಯ್ತು. ಯಾಕೆ ಅಂದ್ರೆ ಆ ವಾಕ್ಯವನ್ನ ನಾನು ಮೊದಲೇ ಕೇಳಿದ್ದೆ. ನನ್ನ ಬಗ್ಗೆಯೇ.

ಬರಗಾಲದ ವರ್ಷ, 2003. ನನಗೆ ಹದಿಮೂರು. ಸಾಲ ಮಾಡಿ ಕೊರೆಸಿದ ಬೋರ್‌ವೆಲ್ಲು ಕೈಕೊಟ್ಟಿತ್ತು. ಅಪ್ಪ ತಾನೇ ಜೀವ ಕಳ್ಕೊಂಡ. ಮೊದಲು ನೋಡಿದ್ದು ನಾನು. ಮಾರನೇ ದಿನ ಮನೆ ತುಂಬ ಜನ ಇರುವಾಗ, ಅಂಗಳದ ನಡುವೆ ಕುರ್ಚಿ ಹಾಕ್ಕೊಂಡು ಕೂತ ಒಬ್ಬರು ಕೇಳಿದ್ರು: "ಎಷ್ಟೊತ್ತಿಗ್ಲಾ ನೋಡ್ದೆ?" ನಾನು ಸ್ಕೂಲಿಂದ ಬಂದಾಗ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಬ್ಬರು ಕೇಳಿದ್ರು. ದೀಪ ಹಚ್ಚಿದ ಮೇಲೆ ಅಂದೆ. ಮೂರನೇ ಸಲ ಗೊತ್ತಿಲ್ಲ ಅಂದೆ. "ಈ ಹುಡುಗ ಒಂದೊಂದು ಸಲ ಒಂದೊಂದು ಹೇಳ್ತಾನೆ. ಏನೋ ಮುಚ್ಚಿಡ್ತಾವ್ನೆ." ಅವ್ವನ ಮುಖ ನೋಡಿದೆ. ಅವಳು ನನ್ನನ್ನೇ ನೋಡ್ತಿದ್ದಳು. ಅವಳಿಗೂ ಅನುಮಾನ ಬಂತಾ ಅಂತ ನಾನು ಇಪ್ಪತ್ತು ವರ್ಷ ಕೇಳಿಲ್ಲ.

ಆಮೇಲೆ ಪರಿಹಾರದ ವಿಚಾರಣೆ. ಅಪ್ಪ ಕುಡೀತಿದ್ನಾ, ಗಂಡ ಹೆಂಡ್ತಿ ಜಗಳ ಆಡ್ತಿದ್ರಾ, ಸಾಲ ಬೆಳೆಗೋ ಮದುವೆಗೋ, ಇಷ್ಟನ್ನೂ ಅವ್ವನನ್ನ ಕೇಳಿದ್ದು ನಮ್ಮ ಮೂರು ಮಕ್ಕಳ ಎದುರಿಗೆ. ಕೇಳಲೇಬೇಕಾಗಿತ್ತು, ನಿಯಮ ಹಾಗಿದೆ. ಆದರೆ ಹಟ್ಟಿ ಜನ ಎಲ್ಲ ನಿಂತಿರುವಾಗ ಕೇಳಬೇಕು ಅಂತ ಯಾವ ನಿಯಮದಲ್ಲಿತ್ತು? ಸ್ಕೂಲಲ್ಲಿ ಮೇಷ್ಟ್ರು ನನ್ನನ್ನ ನಿಲ್ಲಿಸಿ "ಇವರಪ್ಪ ತೀರ್ಕೊಂಡವರೆ, ಎಲ್ಲರೂ ಇವನನ್ನ ಚೆನ್ನಾಗಿ ನೋಡ್ಕೋಬೇಕು" ಅಂದ್ರು. ಒಳ್ಳೇ ಮನಸ್ಸಿಂದಲೇ. ಅವತ್ತಿಂದ ನಾನು ಎಸ್ಸೆಸ್ಸೆಲ್ಸಿ ತನಕ ಆ ಹುಡುಗನೇ ಆಗಿ ಉಳಿದೆ.

ಈಗ ನನಗೆ ಗೊತ್ತಿರೋದು ಏನು? ವಿಪರೀತ ಭಯ ಆದಾಗ ಮೈ ಮೂರರಲ್ಲಿ ಒಂದನ್ನ ಮಾಡುತ್ತೆ: ಎದುರು ಬೀಳುತ್ತೆ, ಓಡುತ್ತೆ, ಇಲ್ಲಾ ಮರಗಟ್ಟಿ ನಿಲ್ಲುತ್ತೆ. ಮಕ್ಕಳು ಬಹಳ ಸಲ ಮೂರನೇದು. ಆ ಹೊತ್ತಿನ ನೆನಪು ಸಾಲಾಗಿ ಕೂರಲ್ಲ. ವಾಸನೆ, ಸದ್ದು, ಯಾವುದೋ ಒಂದು ಬಣ್ಣ, ಇಂಥವು ಕೊರೆದ ಹಾಗೆ ಉಳಿಯುತ್ತೆ. ಗಂಟೆ ಎಷ್ಟು, ಯಾವುದು ಮೊದಲು ಯಾವುದು ಆಮೇಲೆ ಅನ್ನೋದು ಕಳೆದುಹೋಗುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ ಲಾಗ್ ಇದೆ, ಟೈಮ್‌ಸ್ಟ್ಯಾಂಪ್ ಇಲ್ಲ. ವಿಚಾರಣೆ ಮಾಡೋರು ಮೊದಲು ಕೇಳೋದೇ ಟೈಮ್‌ಸ್ಟ್ಯಾಂಪು. ಇಲ್ಲ ಅಂದ್ರೆ ಲಾಗೇ ಸುಳ್ಳು ಅಂತ ತೀರ್ಮಾನ.

ಯಾರಾದ್ರೂ ನನ್ನನ್ನ ಬೇರೆ ಕರ್ಕೊಂಡು ಹೋಗಿ, ಗಂಟೆ ಬಿಟ್ಟು, "ಆಗ ನಿನಗೆ ಏನು ಕೇಳಿಸ್ತಿತ್ತು ಮಗಾ?" ಅಂದಿದ್ರೆ ತಟ್ಟನೆ ಹೇಳ್ತಿದ್ದೆ. ಪಕ್ಕದ ಮನೆ ರೇಡಿಯೋದಲ್ಲಿ ಆಕಾಶವಾಣಿಯ ಕೃಷಿರಂಗ ಬರ್ತಿತ್ತು. ಇವತ್ತಿಗೂ ಕೇಳಿಸುತ್ತೆ. ಕೃಷಿರಂಗ ಎಷ್ಟೊತ್ತಿಗೆ ಬರುತ್ತೆ ಅನ್ನೋದು ಊರಿಗೆಲ್ಲ ಗೊತ್ತು. ಅವರಿಗೆ ಬೇಕಾದ ಗಂಟೆ ಸಿಕ್ಕೇಬಿಡ್ತಿತ್ತು, ನಾನು ಸುಳ್ಳುಗಾರ ಆಗ್ತಿರಲಿಲ್ಲ.

ಇದನ್ನೇ ಟ್ರಾಮಾ-ಇನ್‌ಫಾರ್ಮ್ಡ್ ಅಂತಾರೆ. ಹೆಸರು ಭಾರ, ವಿಷಯ ಸರಳ. ಎದುರಿಗಿರೋ ಮಗುವಿಗೆ ಗಾಯ ಆಗಿದೆ, ಆ ಗಾಯ ಅದರ ಮಾತಲ್ಲೂ ಮೌನದಲ್ಲೂ ಕಾಣುತ್ತೆ ಅನ್ನೋದು ಗೊತ್ತಿದ್ದು ನಡ್ಕೊಳ್ಳೋದು. ನಮ್ಮ ಕೈಯಿಂದ ಇನ್ನೊಂದು ಗಾಯ ಆಗದ ಹಾಗೆ ನೋಡ್ಕೊಳ್ಳೋದು. ಇದು ಮೆತ್ತಗಿರೋದಲ್ಲ, ಸತ್ಯವನ್ನ ಹೊರಗೆ ತರೋ ಕಸುಬು.

"ಇದೆಲ್ಲ ಫಾರಿನ್ ಫ್ಯಾಷನ್" ಅನ್ನೋರಿಗೆ ಒಂದು ಮಾತು. 1998ರಲ್ಲಿ ಫೆಲಿಟ್ಟಿ ಮತ್ತು ಆಂಡಾ ಅನ್ನೋ ವೈದ್ಯರು ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದ್ರು ನಿಜ. ಬಾಲ್ಯದಲ್ಲಿ ಹೊಡೆತ, ನಿರ್ಲಕ್ಷ್ಯ, ಮನೆಯೊಳಗಿನ ಹಿಂಸೆ ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತ, ಹೃದ್ರೋಗ ಕೂಡ ಹೆಚ್ಚು ಅಂತ ಅದು ತೋರಿಸ್ತು. ಅವರು ಕೇಳಿದ್ದು ಬೀದಿ ಮಕ್ಕಳನ್ನಲ್ಲ, ವಿಮೆ ಇದ್ದ ಮಧ್ಯಮ ವರ್ಗದವರನ್ನ, ಅಂದ್ರೆ ನಮ್ಮ ನಿಮ್ಮಂಥೋರನ್ನ. ಸರಿ, ಅದು ಅವರ ದೇಶ. 2007ರಲ್ಲಿ ನಮ್ಮದೇ ಕೇಂದ್ರ ಸರ್ಕಾರ 12,447 ಮಕ್ಕಳನ್ನ ಮಾತಾಡಿಸಿ ವರದಿ ಕೊಡ್ತು. ಶೇಕಡಾ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ರು. ಹೆಚ್ಚಿನವರು ಅದನ್ನ ಯಾರಿಗೂ ಹೇಳಿರಲಿಲ್ಲ. ಯಾಕೆ ಹೇಳಿಲ್ಲ ಅನ್ನೋದಕ್ಕೆ ನಮ್ಮ ಮನೆ ಅಂಗಳದಲ್ಲಿ ಹಾಕಿದ್ದ ಆ ಕುರ್ಚಿಯನ್ನ ನೆನಪಿಸ್ಕೊಳ್ಳಿ.

ಇನ್ನು ನಮ್ಮ ಕಾನೂನು. ಓದಿದ್ರೆ ಯಾವುದೋ ಸಂತರು ಬರೆದ ಹಾಗಿದೆ. 2012ರ ಪೋಕ್ಸೋ ಕಾಯ್ದೆಯ 24ನೇ ಕಲಂ ಪ್ರಕಾರ ಮಗುವಿನ ಹೇಳಿಕೆಯನ್ನ ಅದರ ಮನೆಯಲ್ಲೋ ಅದಕ್ಕೆ ಇಷ್ಟವಾದ ಜಾಗದಲ್ಲೋ ತಗೋಬೇಕು, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಮಹಿಳಾ ಅಧಿಕಾರಿ ತಗೋಬೇಕು, ಯೂನಿಫಾರ್ಮ್ ಹಾಕಿರಬಾರದು. 33ನೇ ಕಲಂ ಪ್ರಕಾರ ಕೋರ್ಟಿನಲ್ಲಿ ವಕೀಲರು ಮಗುವನ್ನ ನೇರವಾಗಿ ಕೇಳೋ ಹಾಗಿಲ್ಲ, ಪ್ರಶ್ನೆಯನ್ನ ನ್ಯಾಯಾಧೀಶರಿಗೆ ಕೊಡಬೇಕು, ಅವರು ಕೇಳ್ತಾರೆ. ನಡುನಡುವೆ ಬಿಡುವು ಕೊಡಬೇಕು. ಮತ್ತೆ ಮತ್ತೆ ಕರೆಸಬಾರದು. 2015ರ ಬಾಲನ್ಯಾಯ ಕಾಯ್ದೆಯ 107ನೇ ಕಲಂ ಪ್ರಕಾರ ಪ್ರತಿ ಠಾಣೆಯಲ್ಲೂ ತರಬೇತಿ ಪಡೆದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಮಕ್ಕಳ ಕಲ್ಯಾಣ ಸಮಿತಿ ರಚನೆ ಆದ ಎರಡು ತಿಂಗಳೊಳಗೆ ಅದರ ಸದಸ್ಯರಿಗೆ ತರಬೇತಿ ಆಗಿರಬೇಕು. 74ನೇ ಕಲಂ ಪ್ರಕಾರ ಮಗುವಿನ ಗುರುತು ಎಲ್ಲೂ ಬಯಲಾಗಬಾರದು. ಅಕ್ಕಿಪೇಟೆಯ ಆ ಕ್ಯಾಮೆರಾದವನಿಗೆ ಇದನ್ನ ಯಾರಾದ್ರೂ ಹೇಳಿದ್ರಾ?

ಕಾನೂನು ಬರೆಯೋದು ಸುಲಭ, ಕೈಗೆ ಕಲಿಸೋದು ಕಷ್ಟ. ಒಂದು ಉದಾಹರಣೆ ಸಾಕು. ಅತ್ಯಾಚಾರಕ್ಕೊಳಗಾದವರ ಮೇಲೆ ಮಾಡ್ತಿದ್ದ ಎರಡು ಬೆರಳಿನ ಪರೀಕ್ಷೆ ಅವರ ಘನತೆಗೆ ಧಕ್ಕೆ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳ್ತು. 2022ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಮತ್ತೆ, ಇನ್ನೂ ಮಾಡ್ತಿದ್ದೀರಲ್ಲ, ಇನ್ಮುಂದೆ ಮಾಡಿದವರು ದುರ್ನಡತೆಯ ತಪ್ಪಿತಸ್ಥರು, ವೈದ್ಯಕೀಯ ಪಠ್ಯವನ್ನೇ ಪರಿಶೀಲಿಸಿ ಅಂತ ಹೇಳಬೇಕಾಯ್ತು. ಒಂಬತ್ತು ವರ್ಷ! ಆದೇಶ ಹೊರಟಿತ್ತು, ಅದು ಪರೀಕ್ಷಾ ಕೊಠಡಿಯ ತನಕ ತಲುಪಿರಲಿಲ್ಲ.

ನನ್ನ ಸಿಟ್ಟಿಗೆ ಇನ್ನೂ ಒಂದು ಕಾರಣ ಇದೆ. ಇದನ್ನೆಲ್ಲ ಕಲಿಸೋ ಜಾಗ ನಮ್ಮ ಊರಲ್ಲೇ ಇದೆ. ಅಕ್ಕಿಪೇಟೆಯಿಂದ ನಡೆಯೋ ದೂರದಲ್ಲಿ 1935ರ ವಾಣಿವಿಲಾಸ ಆಸ್ಪತ್ರೆ. ಅಲ್ಲಿಂದ ಕೆಲವು ಕಿಲೋಮೀಟರ್ ಹೋದ್ರೆ ನಿಮ್ಹಾನ್ಸ್. 2020ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದಿಂದ ಅಲ್ಲಿನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ 'ಸಂವಾದ್' ಅನ್ನೋ ರಾಷ್ಟ್ರಮಟ್ಟದ ಯೋಜನೆ ಶುರುವಾಯ್ತು. ಕೆಲಸವೇ ಇದು: ಬಾಲಮಂದಿರದ ಸಿಬ್ಬಂದಿ, ಆಪ್ತಸಮಾಲೋಚಕರು, ಶಿಕ್ಷಕರು, ಪೊಲೀಸರು, ಕಲ್ಯಾಣ ಸಮಿತಿಯವರು, ನ್ಯಾಯಾಂಗದವರು, ಇವರಿಗೆಲ್ಲ ಕಷ್ಟದಲ್ಲಿರೋ ಮಕ್ಕಳ ಜೊತೆ ಕೆಲಸ ಮಾಡೋದನ್ನ ಕಲಿಸೋದು. ಬೀದಿ ಮಕ್ಕಳ ಜೊತೆ ದಶಕಗಳಿಂದ ಕೆಲಸ ಮಾಡ್ತಿರೋ ಬೆಂಗಳೂರು ಓಣಿಯವರ ಸೇವಾ ಕೂಟ ಇದೇ ಊರಲ್ಲಿದೆ. ಪೋಕ್ಸೋ ನ್ಯಾಯಾಲಯಗಳು ನಮ್ಮ ರಾಜ್ಯದಲ್ಲಿ ಹೇಗೆ ನಡೀತಿವೆ ಅಂತ 2017ರಲ್ಲಿ ವರದಿ ಕೊಟ್ಟ ಮಕ್ಕಳ ಕಾನೂನು ಕೇಂದ್ರ ನಾಗರಬಾವಿಯ ಲಾ ಸ್ಕೂಲಿನಲ್ಲಿತ್ತು. ಬಾವಿ ಮನೆ ಹಿತ್ತಲಲ್ಲೇ ಇದೆ, ನಾವು ಕೊಡ ಎತ್ಕೊಂಡು ಹೋಗ್ತಿಲ್ಲ.

ಹೋದ್ರೂ ಹೇಗೆ ಹೋಗ್ತೀವಿ? ನಾನು ಒಂದು ಎನ್‌ಜಿಒಗೆ ಉಚಿತವಾಗಿ ಸಾಫ್ಟ್‌ವೇರ್ ಮಾಡಿಕೊಡೋಕೆ ಹೋದಾಗ ಅಂಥ ಒಂದು 'ತರಬೇತಿ ಕಾರ್ಯಾಗಾರ' ನೋಡಿದೆ. ಹತ್ತು ಗಂಟೆಗೆ ಅಂತ ಇದ್ದದ್ದು ಹನ್ನೊಂದೂವರೆಗೆ ಶುರು. ದೀಪ ಬೆಳಗೋದು, ಹಾರ, ಶಾಲು. ಒಂದು ಗಂಟೆ ಕಾಯ್ದೆಯ ಕಲಂಗಳ ಪಿಪಿಟಿ, ಅದೂ ಇಂಗ್ಲಿಷಲ್ಲಿ. ಊಟಕ್ಕೆ ಹೋಳಿಗೆ. ಮಧ್ಯಾಹ್ನ ಅರ್ಧ ಜನ ಬಂದೋಬಸ್ತ್ ಅಂತ ಎದ್ದುಹೋದ್ರು. ನಾಲ್ಕು ಗಂಟೆಗೆ ಸರ್ಟಿಫಿಕೇಟು, ಬ್ಯಾನರ್ ಮುಂದೆ ಗ್ರೂಪ್ ಫೋಟೋ. ಒಬ್ಬರೂ ಮಗುವಿನ ಹಾಗೆ ಕೂತು ಇನ್ನೊಬ್ಬರು ಪ್ರಶ್ನೆ ಕೇಳಿ ನೋಡಲಿಲ್ಲ. ಈಜು ಕಲಿಸ್ತೀವಿ ಅಂತ ಕೆರೆಯ ಫೋಟೋ ತೋರಿಸಿ ಕಳಿಸಿದ ಹಾಗೆ. ಅಲ್ಲಿಗೆ ಕಾಗದದ ಮೇಲೆ ಅರವತ್ತು ಜನ 'ತರಬೇತಿ ಪಡೆದವರು'. ಆರು ತಿಂಗಳಲ್ಲಿ ಅವರಲ್ಲಿ ಎಷ್ಟು ಜನ ಟ್ರಾಫಿಕ್ಕಿಗೆ ವರ್ಗ ಆಗಿರ್ತಾರೋ ದೇವರಿಗೇ ಗೊತ್ತು.

ಪೊಲೀಸರ ಮೇಲೆ ಗೂಬೆ ಕೂರಿಸೋಕೆ ನಾನು ಇದನ್ನ ಬರೀತಿಲ್ಲ. ಹಗಲು ಬಂದೋಬಸ್ತು, ರಾತ್ರಿ ಗಸ್ತು, ನಡುವೆ ಒಂದು ಮಗುವಿನ ಹೇಳಿಕೆ ತಗೋಬೇಕಾದ ಪಿಎಸ್‌ಐ ಮೇಡಂಗೂ ಮನೇಲಿ ಅದೇ ವಯಸ್ಸಿನ ಮಗು ಇರಬಹುದು. ಅವರು ಕೇಳಿಸ್ಕೊಂಡಿದ್ದನ್ನ ಎಲ್ಲಿ ಇಳಿಸಬೇಕು? ವರ್ಷಗಟ್ಟಲೆ ಇಂಥದ್ದನ್ನ ಕೇಳಿದವರಿಗೆ ಎರಡೇ ದಾರಿ: ಒಡೆದುಹೋಗೋದು, ಇಲ್ಲಾ ಕಲ್ಲಾಗೋದು. ನಮಗೆ ಠಾಣೆಯಲ್ಲೂ ಆಸ್ಪತ್ರೆಯಲ್ಲೂ ಕಾಣೋ ಒರಟುತನ ಎಷ್ಟೋ ಸಲ ಈ ಎರಡನೇದು. ಅವರ ಗಾಯವನ್ನೂ ಯಾರಾದ್ರೂ ನೋಡಬೇಕು. ಅದನ್ನ ಬಿಟ್ಟ ತರಬೇತಿ ಅರ್ಧ ತರಬೇತಿ.

"ಮಗುವಿನ ಕಡೆಗೇ ವಾಲಿದ್ರೆ ಆರೋಪಿಗೆ ಅನ್ಯಾಯ ಆಗಲ್ವಾ?" ಅಂತ ವಕೀಲ ಸ್ನೇಹಿತ ಕೇಳ್ದ. ನನ್ನ ಬೆಲ್ಟಿನ ಕತೆಯೇ ಅದಕ್ಕೆ ಉತ್ತರ. ಕೆಟ್ಟದಾಗಿ ಕೇಳಿದ ಪ್ರಶ್ನೆಯಿಂದ ತಪ್ಪಿತಸ್ಥ ಪಾರಾಗಬಹುದು, ನಿರಪರಾಧಿ ಸಿಕ್ಕಿಹಾಕ್ಕೋಬಹುದು. ಸರಿಯಾಗಿ ಕೇಳೋದು ಇಬ್ಬರಿಗೂ ನ್ಯಾಯ.

ಇನ್ನು ಎಲ್ಲಕ್ಕಿಂತ ಹೆಚ್ಚು ಕೇಳಿಸೋ ಮಾತು: "ನಮ್ಮನ್ನೆಲ್ಲ ಬೆತ್ತದಲ್ಲಿ ಬಾರಿಸಿಯೇ ಬೆಳೆಸಿದ್ದು. ನಾವೇನು ಕೆಟ್ಟುಹೋದ್ವಾ?" ಸ್ವಾಮಿ, ಬಸ್ಸಿಗೆ ಸಿಕ್ಕಿ ಬದುಕಿದವನು ಬಸ್ಸಿಗೆ ಸಿಗೋದು ಒಳ್ಳೇದು ಅಂತ ಹೇಳ್ತಾನಾ? ನಾನೂ ಬೆಳೆದೆ. ಬಿಇ ಮಾಡಿದೆ, ಸಂಬಳ ಬರುತ್ತೆ, ಇಎಂಐ ಕಟ್ತೀನಿ. ಮೀಟಿಂಗಲ್ಲಿ ಮ್ಯಾನೇಜರ್ "ಇದು ಎಷ್ಟು ಗಂಟೆಗೆ ಆಯ್ತು?" ಅಂತ ಸಹಜವಾಗಿ ಕೇಳಿದ್ರೆ ನನ್ನ ಅಂಗೈ ಬೆವರುತ್ತೆ. ಅದೊಂದು ಸರ್ವರ್ ಬಿದ್ದ ಹೊತ್ತು ಅಷ್ಟೇ ಅಂತ ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ.

ಸರಿ, ಏನು ಮಾಡಬೇಕು ಅಂತೀಯಪ್ಪ ಅಂತ ಕೇಳ್ತೀರಿ. ಹೇಳ್ತೀನಿ.

ಒಂದು, ನಮಗಿರೋ ನಿಯಮವೇ ಅವರಿಗೂ ಇರಲಿ. ಕಲಿತು ಪಾಸಾಗದೆ ಮಗುವಿನ ಮುಂದೆ ಕೂರೋ ಹಾಗಿಲ್ಲ. ಪ್ರತಿ ವರ್ಷ ಮತ್ತೆ ಕಲೀಬೇಕು. ಕಲಿತವರನ್ನ ಕನಿಷ್ಠ ಮೂರು ವರ್ಷ ಅದೇ ಕೆಲಸದಲ್ಲಿ ಬಿಡಬೇಕು.

ಎರಡು, ಕಲಿಕೆ ಕನ್ನಡದಲ್ಲಿರಲಿ, ಅಭಿನಯಿಸಿ, ತಪ್ಪು ಮಾಡಿ, ತಿದ್ದಿಸ್ಕೊಂಡು ಕಲಿಯೋ ಹಾಗಿರಲಿ. ಜೊತೆಗೆ ಈ ಪೇಟೆ ಬೀದಿಗಳಲ್ಲಿ ಮಕ್ಕಳು ಆಡೋ ಹಿಂದಿ, ಉರ್ದು, ತಮಿಳು, ತೆಲುಗು ಬಲ್ಲ ದುಭಾಷಿಗಳ ಪಟ್ಟಿ ಪ್ರತಿ ಠಾಣೆಯಲ್ಲಿರಲಿ. ಅವರಿಗೂ ತರಬೇತಿ ಬೇಕು. ಬೀದಿಯಲ್ಲಿ ನಿಂತ ನನ್ನಂಥ ಎಂಜಿನಿಯರನ್ನ ಕರೆದು "ಸ್ವಲ್ಪ ಕೇಳಿ ಸಾರ್" ಅನ್ನೋದು ನಿಲ್ಲಬೇಕು.

ಮೂರು, ಮಕ್ಕಳ ಕೆಲಸ ನಮ್ಮದಲ್ಲ ಅಂತ ಅಂದ್ಕೊಂಡಿರೋರಿಗೂ ಕಲಿಸಿ. ಗ್ರಾಮ ಲೆಕ್ಕಿಗರು, ಬ್ಯಾಂಕಿನ ವಸೂಲಿಯವರು, ಪರಿಹಾರದ ಕಡತ ಹಿಡಿದು ಬರೋರು, ವರದಿಗಾರರು, ಆಂಬುಲೆನ್ಸ್ ಡ್ರೈವರು. ಮನೆಯೊಳಗೆ ಸಾವಾದ ದಿನ ಮೊದಲು ಬರೋದು ಮನೋವೈದ್ಯರಲ್ಲ, ಇವರು. ಮಕ್ಕಳು ಬಾಗಿಲ ಸಂದಿಯಲ್ಲಿ ನಿಂತು ನೋಡ್ತಿರ್ತಾರೆ.

ನಾಲ್ಕನೇದು ನಮಗೆ. ಹೌದು, ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಇದನ್ನ ಓದ್ತಿರೋ ನಿಮಗೂ ನನಗೂ. ದೊಡ್ಡ ಕಂಪನಿಗಳು ಲಾಭದಲ್ಲಿ ಶೇಕಡಾ 2 ಸಮಾಜಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತೆ. ನಮ್ಮ ಟೀಮು ಆ ಹೆಸರಲ್ಲಿ ಏನು ಮಾಡ್ತು? ಒಂದೇ ಬಣ್ಣದ ಟೀಶರ್ಟ್ ಹಾಕ್ಕೊಂಡು ಸ್ಕೂಲ್ ಗೋಡೆಗೆ ಪೇಂಟ್ ಹೊಡೀತು. ಇನ್ನೊಂದು ಸಲ ಮಕ್ಕಳ ಆಶ್ರಮಕ್ಕೆ ಹೋಗಿ ಕೇಕ್ ಕತ್ತರಿಸಿ, ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡು ಸೆಲ್ಫಿ ತಗೊಂಡ್ವಿ. "ನಿಮ್ಮ ಅಪ್ಪ ಅಮ್ಮ ಎಲ್ಲಿ?" ಅಂತ ನಮ್ಮವಳೊಬ್ಬಳು ಮುದ್ದಾಗಿ ಕೇಳಿದ್ಲು. ಮತ್ತೆ ಬರ್ತೀವಿ ಅಂತ ಎಲ್ಲರೂ ಹೇಳಿ ಬಂದ್ವಿ. ಯಾರೂ ಹೋಗಲಿಲ್ಲ. ಬಿಟ್ಟುಹೋಗೋದನ್ನ ಒಂದು ಸಲ ಅನುಭವಿಸಿದ ಮಕ್ಕಳಿಗೆ ನಾವು ಅದನ್ನೇ ಕೇಕಿನ ಜೊತೆ ಇನ್ನೊಂದು ಸಲ ಕೊಟ್ಟು ಬಂದ್ವಿ. ಪೇಂಟಿನ ದುಡ್ಡಲ್ಲಿ ಒಂದು ಬಾಲಮಂದಿರದ ಗೃಹಮಾತೆಯರಿಗೆ ವರ್ಷವಿಡೀ ಕಲಿಸೋ ವ್ಯವಸ್ಥೆ ಮಾಡಿ ಅಂತ ನಿಮ್ಮ ಕಂಪನಿಯನ್ನ ಕೇಳಿ. ಫೋಟೋ ಚೆನ್ನಾಗಿ ಬರಲ್ಲ ಅಂತಾರೆ. ಅದಕ್ಕೇ ಕೇಳಿ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವ್ವನಿಗೆ ಕೃಷಿರಂಗದ ವಿಷಯ ಹೇಳಿದೆ. ಮೊದಲನೇ ಸಲ. ಅವಳು ಸೊಪ್ಪು ಬಿಡಿಸ್ತಿದ್ದಳು, ಕೈ ನಿಲ್ಲಿಸಿದಳು. "ಅವತ್ತೇ ಹೇಳಬಾರ್ದಿತ್ತೇನ್ಲಾ?" ಅಂದಳು.

"ಯಾರೂ ಕೇಳಲಿಲ್ಲವ್ವ," ಅಂದೆ.

ಬಿಹಾರದ ಆ ಹುಡುಗನಿಗೆ ಈಗ ಹದಿನೇಳು ಹದಿನೆಂಟು ಆಗಿರಬೇಕು. ಎಲ್ಲಿದ್ದಾನೋ ಗೊತ್ತಿಲ್ಲ. ಅವನ ಹತ್ರಾನೂ ಒಂದು ರೇಡಿಯೋ ಸದ್ದು ಇದ್ದೇ ಇರುತ್ತೆ. ನಾನು ಅದನ್ನ ಕೇಳಲಿಲ್ಲ, ಬೆಲ್ಟ್ ಬಗ್ಗೆ ಕೇಳಿದೆ. ಈ ಜನವರಿಯ ಕಡ್ಡಾಯ ಪರೀಕ್ಷೆಗಳಲ್ಲಿ ನನಗೆ ನೂರಕ್ಕೆ ತೊಂಬತ್ತಾರು ಬಂದಿದೆ.